ಬಿರುಗಾಳಿಯ ಮೂಲ ದಾಖಲೆ

ಅಮೆರಿಕದ ಆಕಾಶವನ್ನು ಹಗಲಿರುಳು ಗಮನಿಸುವ ಸುಮಾರು 160 ಹವಾಮಾನ ರೇಡಾರ್‌ಗಳ ಜಾಲಕ್ಕೆ ನೆಕ್ಸ್‌ರಾಡ್ ಎಂದು ಹೆಸರು. ಪ್ರತಿ ರೇಡಾರ್‌ನ ಆಂಟೆನಾ ಬೇರೆ ಬೇರೆ ಕೋನಗಳಲ್ಲಿ ಸುತ್ತುತ್ತಾ, ಮಳೆಮೋಡವಿದ್ದರೆ ಐದಾರು ನಿಮಿಷಕ್ಕೊಮ್ಮೆ, ಆಕಾಶ ತಿಳಿಯಾಗಿದ್ದರೆ ಹತ್ತು ನಿಮಿಷಕ್ಕೊಮ್ಮೆ ಸುತ್ತಲಿನ ವಾತಾವರಣವನ್ನು ಅಳೆದು ಮುಗಿಸುತ್ತದೆ. ಮರಳಿ ಬಂದ ಪ್ರತಿಧ್ವನಿ ಎಷ್ಟು ಪ್ರಬಲ, ಹನಿಗಳು ಹತ್ತಿರ ಬರುತ್ತಿವೆಯೋ ದೂರ ಸರಿಯುತ್ತಿವೆಯೋ, ಅವುಗಳ ವೇಗದಲ್ಲಿ ಎಷ್ಟು ಏರುಪೇರು ಎಂಬ ಈ ಅಳತೆಗಳೇ ‘ಲೆವೆಲ್ 2’ ಎನಿಸಿಕೊಳ್ಳುವ ಮೂಲ ದತ್ತಾಂಶ. ಟಿ.ವಿ.ಯಲ್ಲಿ ಕಾಣುವ ಬಣ್ಣದ ನಕ್ಷೆ ಇಂಥ ಅಳತೆಗಳಿಂದ ಸೋಸಿ ತೆಗೆದದ್ದು. ನಕ್ಷೆಯೊಂದೇ ಉಳಿದರೆ ಮೂಲವನ್ನು ಮತ್ತೆ ಪಡೆಯಲಾಗದು.

1990ರ ದಶಕದಲ್ಲಿ ಈ ಮೂಲವನ್ನು ರೇಡಾರ್ ಇರುವಲ್ಲಿಯೇ 8 ಮಿ.ಮೀ. ಟೇಪಿನಲ್ಲಿ ತುಂಬಿಸಿ, ನಾರ್ತ್ ಕ್ಯಾರೊಲಿನಾದ ಆಶ್‌ವಿಲ್‌ನಲ್ಲಿರುವ ರಾಷ್ಟ್ರೀಯ ದತ್ತಾಂಶ ಕೇಂದ್ರಕ್ಕೆ ಕಳುಹಿಸುತ್ತಿದ್ದರು. ರೆಕಾರ್ಡರ್ ಕೆಟ್ಟಿತೆಂದರೆ ಆ ಹೊತ್ತಿನ ಬಿರುಗಾಳಿಯ ದಾಖಲೆ ಹೋದಂತೆಯೇ. ಚೆನ್ನಾಗಿ ತಲುಪಿದ ಟೇಪೂ ಮುನ್ಸೂಚನೆಯ ಲೆಕ್ಕಕ್ಕೆ ತೀರ ತಡ.

ಓಕ್ಲಹೋಮ ವಿಶ್ವವಿದ್ಯಾಲಯ ಮತ್ತು ಸಹಭಾಗಿಗಳು 1998ರಲ್ಲಿ ಆರಂಭಿಸಿದ ‘ಕ್ರಾಫ್ಟ್’ ಯೋಜನೆ ಈ ಎರಡೂ ತೊಡಕನ್ನು ಒಟ್ಟಿಗೆ ಬಿಡಿಸಿತು. ಮೊದಲು ಕೈಗೆತ್ತಿಕೊಂಡದ್ದು ಆರೇ ರೇಡಾರ್. ದತ್ತಾಂಶವನ್ನು ಒಂದಂಕಿಯೂ ನಷ್ಟವಾಗದಂತೆ ಕುಗ್ಗಿಸಲಾಯಿತು. ಆಕಾಶದ ಬಹುಭಾಗ ಖಾಲಿಯಾಗಿದ್ದು, ಒಂದೇ ಬೆಲೆ ಸಾಲುಸಾಲಾಗಿ ಬರುವುದರಿಂದ ಅದು ಚೆನ್ನಾಗಿ ಕುಗ್ಗುತ್ತದೆ. ಆಗಿನ ನಿಧಾನ ಸಂಪರ್ಕಗಳಲ್ಲೂ ಸಾಗಿಸಬಹುದಾಯಿತು. ಸಾಗಿಸಿದ್ದು ಯುನಿಡೇಟಾ ಸಂಸ್ಥೆಯ ಎಲ್‌ಡಿಎಂ ತಂತ್ರಾಂಶ. ಕಂಪ್ಯೂಟರ್ ಪದೇ ಪದೇ ಕೇಳಬೇಕಿಲ್ಲ. ಹೊಸ ತುಣುಕು ಸಿದ್ಧವಾದೊಡನೆ ನೋಂದಾಯಿಸಿಕೊಂಡವರೆಲ್ಲರಿಗೂ ಅದು ಹೊರಡುತ್ತದೆ, ಪಡೆದವರು ಮುಂದಿನವರಿಗೆ ದಾಟಿಸುತ್ತಾರೆ. ಮುನ್ಸೂಚನೆ ಕೊಡುವವರಿಗೂ ಭಂಡಾರಕ್ಕೂ ಒಂದೇ ಹರಿವು ತಲುಪುವುದು ಈ ಏರ್ಪಾಡಿನ ನಿಜವಾದ ಸೊಗಸು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಇದನ್ನು ತನ್ನ ದಿನನಿತ್ಯದ ವ್ಯವಸ್ಥೆಯಾಗಿಸಿಕೊಂಡಿತು.

ಕೂಡಿಟ್ಟದ್ದನ್ನು ಬಳಸುವುದು ಮಾತ್ರ ಬಹುಕಾಲ ಕಷ್ಟವಾಗಿಯೇ ಇತ್ತು. 2015ರಲ್ಲಿ 1991ರಿಂದೀಚಿನ ಇಡೀ ಸಂಗ್ರಹ ಅಮೆಜಾನ್ ಕ್ಲೌಡ್‌ನಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಬಂದವರಲ್ಲಿ ಪಕ್ಷಿ ವಿಜ್ಞಾನಿಗಳೂ ಇದ್ದರು. ರಾತ್ರಿ ವಲಸೆ ಹೋಗುವ ಹಕ್ಕಿಗಳ ಹಿಂಡೂ ರೇಡಾರ್‌ಗೆ ಕಾಣುತ್ತದೆ. ಹವಾಮಾನದವರಿಗೆ ಅದು ಬೇಡದ ಸದ್ದು. ಮಳೆಯನ್ನೂ ಹಕ್ಕಿಯನ್ನೂ ಬೇರ್ಪಡಿಸಲು ಅನುಕೂಲವಾದ ದ್ವಿಧ್ರುವೀಕರಣ ತಂತ್ರ ಈ ರೇಡಾರ್‌ಗಳಿಗೆ ಬಂದದ್ದು 2011–2013ರ ಅವಧಿಯಲ್ಲಿ. ಮೂಲ ದತ್ತಾಂಶವೇ ಉಳಿದಿದ್ದರಿಂದ ಅದಕ್ಕೂ ಹಿಂದಿನ ವರ್ಷಗಳು ವ್ಯರ್ಥವಾಗಲಿಲ್ಲ: 2019ರಲ್ಲಿ ಪ್ರಕಟವಾದ ‘ಮಿಸ್ಟ್‌ನೆಟ್’ ಎಂಬ ಯಂತ್ರಕಲಿಕೆಯ ವಿಧಾನ ಹಳೆಯ ದಾಖಲೆಗಳಲ್ಲೂ ಮಳೆಯನ್ನು ಬದಿಗಿಟ್ಟು ಹಕ್ಕಿಗಳನ್ನು ಗುರುತಿಸುತ್ತದೆ.