ಮಾಗೋಡು ಜಲಪಾತ: ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಧಾರವಾಡ ಜಿಲ್ಲೆಯ ಮೇಲೆ ಸುರಿಯುವ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಕುಂದಗೋಳ, ನವಲಗುಂದ ಸೀಮೆಯ ನೀರು ಬೆಣ್ಣೆಹಳ್ಳದ ಮೂಲಕ ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಧಾರವಾಡದ ಸಮೀಪ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ಹಳ್ಳವೂ ಕಲಘಟಗಿ ಸೀಮೆಯಲ್ಲಿ ಕೂಡಿ, ಬೇಡ್ತಿ ನದಿಯಾಗಿ ಪಶ್ಚಿಮಕ್ಕೆ ಹರಿಯುತ್ತವೆ. ಈ ನದಿಯೇ ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಎರಡು ಹಂತಗಳಾಗಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ, ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಅರಬ್ಬಿ ಸಮುದ್ರವನ್ನು ಸೇರುತ್ತದೆ.

ಒಂದು ದಿನದ ಪ್ರವಾಸ

ಕಲಘಟಗಿಯ ಮೇಲೆ ಹಾಯ್ದು ಹೋಗುವ ಹೆದ್ದಾರಿಯಲ್ಲಿ ಯಲ್ಲಾಪುರವನ್ನು ತಲುಪಿ, ಅಲ್ಲಿಂದ ಸುಮಾರು 20 ಕಿ.ಮೀ. ಕಾಡುದಾರಿಯನ್ನು ಕ್ರಮಿಸಿದರೆ ಮಾಗೋಡು. ಕೊನೆಯ ಹಾದಿಯನ್ನು ನಡೆದು ಹೋಗಿ, ಕಣಿವೆಯ ಅಂಚಿನಿಂದ ಜಲಪಾತವನ್ನು ನೋಡಬೇಕು. ಮುಂಗಾರಿನ ಭರದಲ್ಲಿ ಮಂಜು ಕವಿಯುವುದರಿಂದ ಅಕ್ಟೋಬರ್‌ನಿಂದ ಜನವರಿಯವರೆಗಿನ ಕಾಲ ಅನುಕೂಲಕರ. ಸಂಜೆ ಸನಿಹದ ಜೇನುಕಲ್ಲು ಗುಡ್ಡದಿಂದ ಬೇಡ್ತಿ ಕಣಿವೆ ಪೂರ್ತಿಯಾಗಿ ಕಾಣುತ್ತದೆ. ಜಲಪಾತದ ಬುಡಕ್ಕಿಳಿಯುವ ಸಾಹಸ ಸಲ್ಲದು. ಕಣಿವೆ ಕಡಿದಾಗಿದ್ದು, ಬಂಡೆಗಳು ಜಾರುತ್ತವೆ.

ವರ್ತಕರು ಕೇಳಿದ ಲೆಕ್ಕ

ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ಉತ್ಪಾದಿಸುವ ಯೋಜನೆಯೊಂದು ಹಿಂದೆ ಸಿದ್ಧವಾಗಿತ್ತು. ಅಡಿಕೆ ಬೆಳೆಗಾರರ ಮಾರಾಟ ಸಂಸ್ಥೆಯಾದ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1981ರಲ್ಲಿ ವಿಜ್ಞಾನಿಗಳನ್ನು ಕರೆಸಿ ವಿಚಾರ ಸಂಕಿರಣ ನಡೆಸಿತು. ಮುಳುಗಲಿರುವ ಕಾಡು, ಅಡಿಕೆ ಮತ್ತು ಸಾಂಬಾರ ತೋಟಗಳ ಬೆಲೆಯನ್ನು ವೆಚ್ಚದ ಬದಿಗೆ ಸೇರಿಸಿ ಲಾಭ-ನಷ್ಟವನ್ನು ತೂಗಬೇಕೆಂಬ ವಾದ ಅಲ್ಲಿ ಮುಂದೆ ಬಂದಿತು. ಬಳಿಕ ಯೋಜನೆಯನ್ನು ಕೈಬಿಡಲಾಯಿತು. ನಾರ್ವೆಯ ಉಟ್ಲಾದಾಲೆನ್ ಕಣಿವೆಯಲ್ಲಿ 275 ಮೀಟರ್ ಎತ್ತರದಿಂದ ಬೀಳುವ ವೆಟ್ಟಿಸ್‌ಫೋಸೆನ್ ಜಲಪಾತಕ್ಕೆ 1924ರಲ್ಲೇ ಕಾನೂನಿನ ರಕ್ಷಣೆ ದೊರೆಯಿತು. ಪ್ರವಾಸಿಗರು ಇಂದಿಗೂ ಕಾಲ್ನಡಿಗೆಯಲ್ಲಿಯೇ ಅದನ್ನು ತಲುಪುತ್ತಾರೆ. ಬೇಡ್ತಿ ಕಣಿವೆಯ ಅರಣ್ಯ ಸಂರಕ್ಷಣಾ ಮೀಸಲು ಪ್ರದೇಶವಾದದ್ದು 2011ರಲ್ಲಿ.

ಹೊಣೆಯ ಬದಿ

ಜಲಪಾತ ಆಸ್ತಿಯಾದರೆ, ಅದರೆದುರು ಹೊಣೆಯೂ ಉಂಟು. ಹುಬ್ಬಳ್ಳಿಯ ಕೊಳಚೆ ನೀರು ಸೇರುವುದು ಇದೇ ಬೇಡ್ತಿಗೆ. ಅದನ್ನು ಮೊದಲು ಅನುಭವಿಸುವವರು ಕಲಘಟಗಿ ಭಾಗದ ರೈತರು. ಕಾರ್ಖಾನೆಯ ಎಣ್ಣೆ, ಬಣ್ಣ, ರಾಸಾಯನಿಕಗಳನ್ನು ಶುದ್ಧೀಕರಿಸದೆ ಗಟಾರಿಗೆ ಬಿಡುವ ಉದ್ದಿಮೆ ತನ್ನ ಖರ್ಚನ್ನು ಉಳಿಸಿದಂತಲ್ಲ, ನೆರೆಯವರ ಖಾತೆಗೆ ಬರೆದಂತೆ. ತ್ಯಾಜ್ಯ ನೀರನ್ನು ಹೊರಬಿಡುವ ಘಟಕಗಳು 1974ರ ಜಲಮಾಲಿನ್ಯ ಕಾಯ್ದೆಯನ್ವಯ ಸಮ್ಮತಿ ಪಡೆಯಬೇಕಾಗುತ್ತದೆ. ಶುದ್ಧೀಕರಣದ ವೆಚ್ಚವನ್ನು ಆರಂಭದಲ್ಲಿಯೇ ಉತ್ಪಾದನಾ ವೆಚ್ಚಕ್ಕೆ ಸೇರಿಸಿ ಸರಕಿನ ಬೆಲೆ ಕಟ್ಟುವುದು ಒಳ್ಳೆಯ ವ್ಯವಹಾರ. ಶಿರಸಿಯ ಬೆಳೆಗಾರರು ಸರಕಾರಕ್ಕೆ ಕೇಳಿದ ಲೆಕ್ಕವನ್ನು ಪ್ರತಿಯೊಬ್ಬ ಉದ್ದಿಮೆದಾರನೂ ವರ್ಷಾಂತ್ಯದಲ್ಲಿ ತನ್ನ ಪುಸ್ತಕಗಳಿಗೆ ಕೇಳಬಹುದಾಗಿದೆ.