ಹಸಿ ಕ್ಯಾರೆಟ್ಟೋ, ಬೆಂದದ್ದೋ?

ಪ್ರಶ್ನೆ: ಬೇಯಿಸಿದರೆ ತರಕಾರಿಯ ಸತ್ವವೆಲ್ಲ ಹೋಗುತ್ತದಂತೆ. ಹಾಗಾದರೆ ಹಸಿಯಾಗಿಯೇ ತಿನ್ನಬಾರದೇಕೆ?

ಎಲ್ಲವೂ ಹೋಗುವುದಿಲ್ಲ, ಕೆಲವು ಸತ್ವಗಳು ಬೆಂದ ಮೇಲೆಯೇ ಸರಿಯಾಗಿ ದಕ್ಕುವುದು. ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ನನ್ನೇ ನೋಡಿ. ದೇಹ ಅದರಿಂದ ಎ ವಿಟಮಿನ್ ಮಾಡಿಕೊಳ್ಳುತ್ತದೆ. ಆದರೆ ಸಿಪ್ಪೆ ಬಿಡಿಸದ ಶೇಂಗಾದೊಳಗಿನ ಬೀಜದಂತೆ ಅದು ಜೀವಕೋಶದ ಗೋಡೆಯೊಳಗೆ ಕೂತಿರುತ್ತದೆ. ಆ ಗೋಡೆಯ ಸೆಲ್ಯುಲೋಸನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಹಲ್ಲು ಅರೆದಷ್ಟೇ ಲಾಭ. ಬೇಯಿಸಿದಾಗ ಗೋಡೆ ಮೆತ್ತಗಾಗುತ್ತದೆ, ಒಳಗಿದ್ದದ್ದು ಹೊರಬರುತ್ತದೆ. ಅದು ಕರಗುವುದು ಎಣ್ಣೆಯಲ್ಲಾದ್ದರಿಂದ ಒಗ್ಗರಣೆ ಬಿದ್ದ ಪಲ್ಯವೇ ವಾಸಿ. ಸಿ ವಿಟಮಿನ್ ನಷ್ಟವಾಗುವುದಿಲ್ಲವೇ ಎಂದರೆ, ಆಗುತ್ತದೆ: ಬಿಸಿಗಿಷ್ಟು, ಬಸಿದು ಚೆಲ್ಲುವ ನೀರಿಗಿಷ್ಟು. ಅದಕ್ಕೆ ನಿಂಬೆ ಹಿಂಡಿದ ಕೋಸಂಬರಿ ಇದೆಯಲ್ಲ! ರಾಜ್ಮಾ ಮಾತ್ರ ಹಸಿಯಾಗಿ ಬೇಡವೇ ಬೇಡ. ಅದರಲ್ಲಿನ ಲೆಕ್ಟಿನ್ ವಾಂತಿ ಬರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಮೆತ್ತಗೆ ಬೇಯಿಸಬೇಕು.