ನಿಮಗಿದು ಗೊತ್ತೆ? ಚಮಚದ ಬೆನ್ನ ಮೇಲೊಂದು ಮನೆತನ
18ನೇ ಶತಮಾನದ ಇಂಗ್ಲಿಷ್ ಬೆಳ್ಳಿ ಚಮಚ ಕೈಗೆ ಸಿಕ್ಕರೆ ಮೊದಲು ಬೋರಲು ಹಾಕಿ ನೋಡಿ. ಮನೆತನದ ಲಾಂಛನ ಎಷ್ಟೋ ಸಲ ಹಿಡಿಯ ಹಿಂಬದಿಯಲ್ಲೇ ಇರುತ್ತದೆ. ಆಗೆಲ್ಲ ಊಟದ ಮೇಜಿನ ಮೇಲೆ ಚಮಚ, ಫೋರ್ಕುಗಳನ್ನು ಬೋರಲಾಗಿ ಜೋಡಿಸುವ ರೂಢಿಯಿತ್ತು. ಅತಿಥಿಗೆ ಕಾಣುತ್ತಿದ್ದದ್ದು ಬೆನ್ನೇ ತಾನೆ!

ಬೆಳ್ಳಿಗೆ ಬಣ್ಣ ಬಳಿಯುವುದು ಹೇಗೆ? ಅದಕ್ಕೇ ಕೆತ್ತನೆಯಲ್ಲಿ ಗೆರೆಗಳ ಗುಟ್ಟು: ಚುಕ್ಕಿಗಳಿದ್ದರೆ ಚಿನ್ನದ ಬಣ್ಣ, ಲಂಬ ಗೆರೆ ಕೆಂಪು, ಅಡ್ಡಗೆರೆ ನೀಲಿ. ಗುರಾಣಿಯ ಬದಲು ವಜ್ರದಾಕಾರದ ಚೌಕಟ್ಟಿದ್ದರೆ ಒಡತಿ ವಿಧವೆ ಅಥವಾ ಅವಿವಾಹಿತೆ.

ಪಾತ್ರೆ ಕೈಬದಲಾದಾಗ ಹೊಸ ಯಜಮಾನ ಹಳೆಯ ಲಾಂಛನ ಉಜ್ಜಿಸಿ ತನ್ನದನ್ನು ಕೊರೆಸುವುದೂ ಇತ್ತು. ಅಲ್ಲಿ ತಗಡು ತೆಳುವಾಗಿರುತ್ತದೆ, ಬೆರಳಿಗೆ ತಿಳಿಯುತ್ತದೆ. ಬಾಯಿಂದ ಬಿಸಿಯುಸಿರು ಬಿಟ್ಟು ನೋಡಿ: ಮಂಜು ಕವಿದ ಕ್ಷಣದಲ್ಲಿ ಅಳಿಸಿದ ಗೆರೆಗಳು ಮಸುಕಾಗಿ ಮೂಡುವುದುಂಟು.

ಲಾಂಛನ ನಂಬಿ ಕಾಲ ಹೇಳಲು ಹೋಗಬೇಡಿ, ಎಷ್ಟೋ ವರ್ಷದ ನಂತರ ಕೊರೆಸಿದ್ದಿರಬಹುದು. ಅದಕ್ಕೆ ಪುಟ್ಟ ಮುದ್ರೆಗಳೇ ಸಾಕ್ಷಿ. ಹೆಜ್ಜೆ ಹಾಕುತ್ತಿರುವ ಸಿಂಹ 1544ರಿಂದ ಬಂದದ್ದು, ಬೆಳ್ಳಿ ಶೇ. 92.5ರಷ್ಟು ಶುದ್ಧ ಎಂಬುದರ ಗುರುತು. ಜೊತೆಯ ಅಕ್ಷರ ವರ್ಷ ಹೇಳುತ್ತದೆ. ದೊರೆಯ ತಲೆಯೂ ಇದೆಯೆ? 1784ರಿಂದ 1890ರವರೆಗೆ ಅದು ಸುಂಕ ಕಟ್ಟಿದ್ದಕ್ಕೆ ರಸೀದಿ.